ಪೆನ್‌ಡ್ರೈವ್‌ನಲ್ಲಿ ಹೋದ ಲಿಬ್ರೆಆಫೀಸ್

ಹುಬ್ಬಳ್ಳಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಕೆಲಸ. ಮೆಣಸಿನಕಾಯಿ ಸೀಸನ್ ಬಂತೆಂದರೆ ಬ್ಯಾಡಗಿಯ ಅಡತಿ ಅಂಗಡಿಗಳಿಂದ ಫೋನ್ ಶುರುವಾಗುತ್ತದೆ. ಹೋದ ಸಲ ಒಂದು ಅಂಗಡಿಯ ಉಬುಂಟು (ವಿಂಡೋಸ್ ಬದಲು ಬಳಸುವ ಒಂದು ಬಗೆಯ ಲಿನಕ್ಸ್) ಕಂಪ್ಯೂಟರಿಗೆ ಹೊಸ ಲಿಬ್ರೆಆಫೀಸ್, ಅಂದರೆ ಪತ್ರ, ಪಟ್ಟಿ ಮಾಡುವ ಉಚಿತ ಸಾಫ್ಟ್‌ವೇರ್, ಹಾಕಬೇಕಿತ್ತು. ನೆಟ್ ಅಂದರೆ ಲೆಕ್ಕ ಬರೆಯುವ ದಿವಾನಜಿಯವರ ಮೊಬೈಲ್ ಅಷ್ಟೇ, ಅದೂ ಬಂದು ಬಂದು ಹೋಗುತ್ತಿತ್ತು. ಇಂಥ ಕಡೆ ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಒಯ್ಯುವುದೇ ವಾಸಿ.

ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳುವಾಗ ಎರಡು ಫೈಲ್ ಬೇಕು. ಒಂದು ಮೂಲ ಸಾಫ್ಟ್‌ವೇರ್, ಇನ್ನೊಂದು ಕನ್ನಡದ ಭಾಷಾ ಪ್ಯಾಕ್. ಎರಡರ ಆವೃತ್ತಿ ಸಂಖ್ಯೆ ಒಂದೇ ಇರಬೇಕು. ಲಿನಕ್ಸ್‌ನ ಬಗೆ ನೋಡಿ ಆರಿಸಿ: ಉಬುಂಟು, ಡೆಬಿಯನ್, ಮಿಂಟ್‌ಗೆ ಡೆಬ್ ಫೈಲ್, ಫೆಡೋರಾಗೆ ಆರ್‌ಪಿಎಂ. ಕಂಪ್ಯೂಟರ್ 32 ಬಿಟ್‌ನದಾಗಿದ್ದರೆ ಮೊದಲೇ ಕೇಳಿಕೊಳ್ಳಿ, ಯಾಕಂದರೆ ಈಗಿನ ಆವೃತ್ತಿಗಳು ಲಿನಕ್ಸ್‌ನಲ್ಲಿ 32 ಬಿಟ್‌ಗೆ ಸಿಗುವುದಿಲ್ಲ. ಡೌನ್‌ಲೋಡ್ ಅರ್ಧಕ್ಕೇ ನಿಂತ ಫೈಲ್ ಒಯ್ದು ಅಲ್ಲಿ ಪೇಚಾಡುವುದು ಬೇಡ. ಫೈಲ್ ಸರಿಯಾಗಿ ಬಂದಿದೆಯಾ ಅಂತ ತಿಳಿಸುವ ಎಸ್‌ಎಚ್‌ಎ 256 ಸಂಖ್ಯೆ ಸೈಟಿನಲ್ಲಿ ಕೊಟ್ಟದ್ದಕ್ಕೆ ತಾಳೆಯಾಗುತ್ತದಾ ಅಂತ ಮನೆಯಲ್ಲೇ ನೋಡಿಬಿಡಿ.

ಅಂಗಡಿಗೆ ಹೋದ ಮೇಲೆ ಮೊದಲ ಕೆಲಸ ಹಳೆಯದನ್ನು ತೆಗೆಯುವುದು. ಹಾಗೇ ಬಿಟ್ಟರೆ ಉಬುಂಟುವಿನ ಆಫೀಸ್ ಒಂದು ಕಡೆ, ಕೈಯಾರೆ ಹಾಕಿದ್ದು ಆಪ್ಟ್ (/opt) ಫೋಲ್ಡರಿನಲ್ಲಿ ಇನ್ನೊಂದು ಕಡೆ ಕೂರುತ್ತದೆ. ಮೆನುವಿನಲ್ಲಿ ಎರಡೆರಡು ಐಕಾನ್ ಕಾಣುತ್ತವೆ. ಎರಡಕ್ಕೂ ಸೆಟ್ಟಿಂಗ್ ಉಳಿಸುವ ಜಾಗ ಮಾತ್ರ ಒಂದೇ. ನಾನು ತೆಗೆಯುವುದನ್ನು ನೋಡಿ ದಿವಾನಜಿಯವರ ಮುಖ ಸಣ್ಣದಾಯಿತು. "ಸರ, ಹಿಂದಿನ ವರ್ಷದ ಪಟ್ಟಿ ಎಲ್ಲಾ ಹೊಕ್ಕಾವೇನ್ರಿ?" ಇಲ್ಲ, ಹೋಗುವುದು ಸಾಫ್ಟ್‌ವೇರ್ ಮಾತ್ರ, ಫೈಲುಗಳು ಅವರ ಫೋಲ್ಡರಿನಲ್ಲೇ ಇರುತ್ತವೆ. ಆದರೂ ಒಂದು ಕಾಪಿ ಪೆನ್‌ಡ್ರೈವ್‌ಗೆ ಹಾಕಿ ತೋರಿಸಿಯೇ ಮುಂದಿನ ಕೆಲಸಕ್ಕೆ ಕೈ ಹಾಕಿದೆ. ಲೆಕ್ಕ ಇಟ್ಟವರಿಗೆ ಆ ಹೆದರಿಕೆ ಸಹಜ, ಅಲ್ವಾ?

ಉಳಿದದ್ದು ಬೇಗ ಮುಗಿಯುತ್ತದೆ. ಡೌನ್‌ಲೋಡ್ ಮಾಡಿದ ಫೈಲಿನ ಗಂಟು ಬಿಚ್ಚಿದರೆ ಒಳಗೆ ಡೆಬ್ಸ್ ಎಂಬ ಫೋಲ್ಡರ್, ಅದರಲ್ಲಿ ಹತ್ತಾರು ಪ್ಯಾಕೇಜು. ಒಂದೊಂದನ್ನೇ ಕ್ಲಿಕ್ ಮಾಡಬೇಡಿ. ಅವು ಒಂದಕ್ಕೊಂದು ಜೋತುಬಿದ್ದಿರುತ್ತವೆ. ಆ ಫೋಲ್ಡರಿನಲ್ಲೇ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು, ಮೇಲಧಿಕಾರ ಕೊಡುವ ಸುಡೋ ಜೊತೆ ಪ್ಯಾಕೇಜು ಹಾಕುವ ಡಿಪಿಕೆಜಿ ಆದೇಶ ಕೊಟ್ಟು, ಎಲ್ಲವನ್ನೂ ಒಟ್ಟಿಗೆ ಹಾಕಿ. ಆಮೇಲೆ ಭಾಷಾ ಪ್ಯಾಕನ್ನೂ ಹೀಗೇ.

ಜಾಸ್ತಿ ಜನ ಇಲ್ಲಿಗೇ ಎದ್ದು ಹೊರಡುತ್ತಾರೆ. ನಿಜವಾದ ತೊಂದರೆ ಶುರುವಾಗುವುದೇ ಇಲ್ಲಿಂದ. ದಿವಾನಜಿಯವರು ಡಬ್ಬಿ, ಕಡ್ಡಿ ಅಂತ ಮೆಣಸಿನಕಾಯಿಯ ಎರಡೂ ತಳಿಯ ಹೆಸರು ಟೈಪ್ ಮಾಡಿದರು. ಅಕ್ಷರ ದೊಡ್ಡದು ಮಾಡೋಣ ಅಂತ ಸೆಟ್ಟಿಂಗ್‌ನಲ್ಲಿ ಮೂಲ ಅಳತೆ 16ಕ್ಕೆ ಏರಿಸಿದರು. ಅಂಕಿಗಳು ದೊಡ್ಡವಾದವು, ಕನ್ನಡ ಕದಲಲಿಲ್ಲ. ಕಾರಣ ಇಷ್ಟೇ: ಲಿಬ್ರೆಆಫೀಸ್ ಕನ್ನಡವನ್ನು ಸಿಟಿಎಲ್ (ಅಕ್ಷರಗಳು ಕೂಡಿಕೊಂಡು ರೂಪ ಬದಲಿಸುವ ಲಿಪಿಗಳು) ಎಂಬ ಬೇರೆ ಗುಂಪಿಗೆ ಸೇರಿಸುತ್ತದೆ. ಇಂಗ್ಲಿಷಿಗೆ ಒಂದು ಫಾಂಟು, ಒಂದು ಅಳತೆ, ಸಿಟಿಎಲ್‌ಗೆ ಇನ್ನೊಂದು. ಆಪ್ಷನ್ಸ್‌ನ ಭಾಷೆಗಳ ಪುಟದಲ್ಲಿ ಸಿಟಿಎಲ್‌ಗೆ ಟಿಕ್ ಹಾಕಿ, ಕನ್ನಡ ಆರಿಸಿ. ಪತ್ರ ಬರೆಯುವ ಭಾಗವಾದ ರೈಟರ್‌ನ ಮೂಲ ಫಾಂಟುಗಳಲ್ಲಿ ಸಿಟಿಎಲ್‌ಗೆ ಗುಬ್ಬಿ ಅಥವಾ ನವಿಲು ಫಾಂಟ್ ಕೊಡಿ. ಆ ಎರಡೂ ಫಾಂಟುಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯುವುದನ್ನು ಮರೆಯಬೇಡಿ.

ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪಟ್ಟಿಗಳದ್ದು ಬೇರೆಯೇ ಕಥೆ. ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದ ಆ ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಲಸಿಕೊಂಡು ಕಾಣುತ್ತವೆ. ಫೈಲ್ ಕೆಟ್ಟಿರುವುದಿಲ್ಲ. ಆ ಫಾಂಟ್ ಹಾಕಿದರೆ ಓದಬಹುದು. ಆದರೆ ಮುಂದೆ ಹುಡುಕಲು, ವಿಂಗಡಿಸಲು ಯುನಿಕೋಡ್‌ಗೆ ಬದಲಿಸಿಕೊಳ್ಳಲೇಬೇಕು. ಆ ಅಂಗಡಿಯಲ್ಲಿ ರೈತರ ಹೆಸರಿನ ಪಟ್ಟಿಯನ್ನಷ್ಟೇ ಅವತ್ತು ಬದಲಿಸಿಕೊಟ್ಟೆ. ಅಕಾರಾದಿಯಾಗಿ ಹೆಸರುಗಳು ಸಾಲಾಗಿ ನಿಂತಾಗ ದಿವಾನಜಿಯವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

ಕೈಯಾರೆ ಹಾಕಿದ್ದಕ್ಕೆ ಉಬುಂಟುವಿನ ಅಪ್‌ಡೇಟ್ ಬರುವುದಿಲ್ಲ. ಲಿಬ್ರೆಆಫೀಸ್‌ನ ದೊಡ್ಡ ಆವೃತ್ತಿಗಳು ಸಾಮಾನ್ಯವಾಗಿ ಫೆಬ್ರವರಿ, ಆಗಸ್ಟ್‌ನಲ್ಲಿ ಬರುತ್ತವೆ. 2024ರಿಂದ ಹೆಸರಿನಲ್ಲೇ ವರ್ಷ, ತಿಂಗಳು ಇರುತ್ತದೆ, 24.2, 24.8 ಅಂತ. ಹಾಗಾಗಿ ಹಾಕಿದ ಆವೃತ್ತಿ ಮತ್ತು ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಹಿಂದೆ ಅಂಟಿಸಿ ಬಂದೆ.