ಪದ ಪರಿಚಯ: ಗಾಳಿಯಂತ್ರದ ವ್ಯರ್ಥ ಶಾಖ

ಯಂತ್ರ ಓಡಿದರೆ ಬಿಸಿಯಾಗುತ್ತದೆ. ಆ ಬಿಸಿ ಸುಮ್ನೆ ಗಾಳಿಗೆ ಹೋದರೆ ಅದು ವ್ಯರ್ಥ ಶಾಖ. ಅದನ್ನು ಹಿಡಿದು ಕೆಲಸಕ್ಕೆ ಹಚ್ಚಿದರೆ ಶಾಖ ಮರುಬಳಕೆ.

ಗಾಳಿಯಿಂದ ಕರೆಂಟ್ ತೆಗೆಯುವ ಗಾಳಿಯಂತ್ರದಲ್ಲಿ ಈ ಬಿಸಿ ಹುಟ್ಟುವುದು ಗೋಪುರದ ತುದಿಯ ದೊಡ್ಡ ಪೆಟ್ಟಿಗೆಯೊಳಗೆ. ಅದಕ್ಕೆ ನಾಸೆಲ್ ಅಂತಾರೆ. ಗೇರ್‌ಬಾಕ್ಸ್‌ನ ಹಲ್ಲುಗಳು ಉಜ್ಜಿ ಆಯಿಲ್ ಕಾಯುತ್ತದೆ, ಜನರೇಟರಿನ ತಾಮ್ರದ ಸುರುಳಿ ಕಾಯುತ್ತದೆ, ಕರೆಂಟನ್ನು ವಿದ್ಯುತ್ ಜಾಲಕ್ಕೆ (ಗ್ರಿಡ್) ಹೊಂದುವಂತೆ ಬದಲಿಸುವ ಕನ್ವರ್ಟರ್ ಕೂಡ. 2 ಮೆಗಾವ್ಯಾಟ್ ಯಂತ್ರ ಪೂರ್ತಿ ಲೋಡಿನಲ್ಲಿ ಓಡುವಾಗ ಹೀಗೆ ಸೋರುವುದು ಸುಮಾರು 100ರಿಂದ 200 ಕಿಲೋವ್ಯಾಟ್, ಅಂದರೆ ಐವತ್ತರಿಂದ ನೂರು ಬಚ್ಚಲುಮನೆ ಗೀಸರ್‌ಗಳಷ್ಟು.

ಇಲ್ಲೊಂದು ಗೊಂದಲ ಜಾಸ್ತಿ. ಬೀಸುವ ಗಾಳಿಯ ಶಕ್ತಿಯಲ್ಲಿ ಶೇ. 59.3ಕ್ಕಿಂತ ಹೆಚ್ಚನ್ನು ಯಾವ ರೆಕ್ಕೆಯೂ ಹಿಡಿಯಲಾರದು ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದರು. ಉಳಿದಿದ್ದು ಶಾಖವಾಗಿ ಪೋಲಾಗುವುದಿಲ್ಲ, ಗಾಳಿಯಾಗಿಯೇ ಮುಂದೆ ಹೋಗುತ್ತದೆ. ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಸರಿ, ಈ ಬಿಸಿಯಿಂದ ಮತ್ತೆ ಕರೆಂಟ್ ತೆಗೆಯಬಹುದಲ್ವಾ? ಕಷ್ಟ. ಸಿಮೆಂಟ್ ಕಾರ್ಖಾನೆಯ ಬಿಸಿ ಹೊಗೆ 300 ಡಿಗ್ರಿ ದಾಟಿರುತ್ತದೆ, ಹಾಗಾಗಿ ಅಲ್ಲಿ ತೆಗೆಯುತ್ತಾರೆ. ಗೇರ್‌ಬಾಕ್ಸ್ ಆಯಿಲ್ ಇರುವುದು 60 ಡಿಗ್ರಿ ಆಸುಪಾಸು. ಹೊರಗೆ 30 ಡಿಗ್ರಿ ಇದ್ದರೆ ಭೌತಶಾಸ್ತ್ರದ ಪ್ರಕಾರವೇ ಆ ಬಿಸಿಯ ಶೇ. 9ಕ್ಕಿಂತ ಹೆಚ್ಚು ಕರೆಂಟಾಗಿ ಸಿಗುವುದಿಲ್ಲ, ನಿಜವಾದ ಯಂತ್ರದಲ್ಲಿ ಅದರ ಅರ್ಧವೂ ಕಷ್ಟ. ಅಷ್ಟಕ್ಕೆ ಇನ್ನೊಂದು ಯಂತ್ರವನ್ನು ನೂರು ಮೀಟರ್ ಮೇಲೆ ಹೊತ್ತು ನಿಲ್ಲಿಸಿ, ರಿಪೇರಿ ಮಾಡುತ್ತಾ ಕೂರುವುದು ಯಾಕೆ ಹೇಳಿ. ಪೈಪ್ ಹಾಕಿ ಊರಿಗೆ ತರೋಣ ಅಂದರೆ ಯಂತ್ರಗಳೆಲ್ಲ ಊರಿಂದ ದೂರ, ದಾರಿಯಲ್ಲೇ ತಣ್ಣಗಾಗುತ್ತದೆ.

ನನ್ನ ಪ್ರಕಾರ ಈ ಬಿಸಿಗೆ ಬೆಲೆ ಬರುವುದು ಅದು ಹುಟ್ಟಿದ ಜಾಗದಲ್ಲೇ ಬೇಕಾದಾಗ ಮಾತ್ರ. ಸ್ವೀಡನ್, ಕೆನಡಾದಂಥ ಕಡೆ ಚಳಿಗಾಲದಲ್ಲಿ ರೆಕ್ಕೆಗೆ ಮಂಜುಗಡ್ಡೆ ಕಟ್ಟುತ್ತದೆ, ರೆಕ್ಕೆಯ ಆಕಾರ ಕೆಟ್ಟು ಉತ್ಪಾದನೆ ಬೀಳುತ್ತದೆ. ಟೊಳ್ಳಾದ ರೆಕ್ಕೆಯೊಳಗೆ ಬಿಸಿಗಾಳಿ ಹಾಯಿಸಿ ಅದನ್ನು ಕರಗಿಸುವ ಪದ್ಧತಿ ಅಲ್ಲಿದೆ. ಇದಕ್ಕೆ ನಾಸೆಲ್‌ನ ಬಿಸಿಯನ್ನೇ ಬಳಸಬಹುದು, ಆದರೆ ಅದೊಂದೇ ಸಾಲದು: ಫೈಬರ್ ಗ್ಲಾಸಿನಲ್ಲಿ ಶಾಖ ಬೇಗ ದಾಟುವುದಿಲ್ಲ, ಗಡ್ಡೆ ಹೆಚ್ಚು ಕಾಡುವ ತುದಿಯವರೆಗೆ ಹೋಗುವಷ್ಟರಲ್ಲಿ ಗಾಳಿ ಆರಿರುತ್ತದೆ, ಮೇಲಾಗಿ ಗಡ್ಡೆ ಕಟ್ಟಿ ಯಂತ್ರ ನಿಂತೇಬಿಟ್ಟರೆ ವ್ಯರ್ಥ ಶಾಖವೇ ಇರುವುದಿಲ್ಲ. ಆಗ ಕರೆಂಟ್ ಹೀಟರೇ ಗತಿ.

ನಮ್ಮ ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಕಥೆ ಉಲ್ಟಾ. ಅಲ್ಲಿ ರೇಡಿಯೇಟರ್, ಫ್ಯಾನ್ ಇಟ್ಟು ಬಿಸಿಯನ್ನು ಹೊರಗೆ ತಳ್ಳುವುದೇ ದೊಡ್ಡ ಕೆಲಸ. ತಳ್ಳದಿದ್ದರೆ ಯಂತ್ರ ತನ್ನಷ್ಟಕ್ಕೆ ಉತ್ಪಾದನೆ ತಗ್ಗಿಸುತ್ತದೆ.

ಇದರ ಜೊತೆ ಬೆರೆಸಬಾರದ ಇನ್ನೊಂದು ವಿಷಯ ಇದೆ. 2019ರಲ್ಲಿ ಸೀಮೆನ್ಸ್ ಗಮೇಸಾ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸುಮಾರು 1,000 ಟನ್ ಜ್ವಾಲಾಮುಖಿ ಕಲ್ಲನ್ನು ಕರೆಂಟಿನಿಂದ 750 ಡಿಗ್ರಿವರೆಗೆ ಕಾಯಿಸುವ ಘಟಕ ಶುರು ಮಾಡಿತು. ಗಾಳಿ ಜಾಸ್ತಿ ಇದ್ದಾಗ ಮಿಗುವ ಕರೆಂಟನ್ನು ಬೇಕೆಂದೇ ಶಾಖವಾಗಿ ಕೂಡಿಡುವ ಪ್ರಯೋಗ ಅದು. ಕೆಲವರು ಅದನ್ನೂ ವ್ಯರ್ಥ ಶಾಖದ ಬಳಕೆ ಅಂತಲೇ ಬರೆಯುತ್ತಾರೆ. ಆದರೆ ಅಲ್ಲಿ ಕಲ್ಲನ್ನು ಕಾಯಿಸಿದ್ದು ಗ್ರಿಡ್‌ನ ಕರೆಂಟು, ಗೇರ್‌ಬಾಕ್ಸಿನ ಬಿಸಿ ಅಲ್ಲ.