ಕ್ಯಾಟ್ 6 ಕೇಬಲ್‌ಗೆ ಕ್ಯಾಟ್ 5ಇ ಜ್ಯಾಕ್ ಹಾಕಿದರೆ ಸ್ಪೀಡ್ ಇಳಿಯುತ್ತಾ?

ಪ್ರಶ್ನೆ: ಮನೆಯ ಹಳೆ ಇಂಟರ್ನೆಟ್ ವೈರಿಂಗ್ ತೆಗೆಸಿ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್ ಎಳೆಸಿದ್ದೇನೆ. ಕೇಬಲ್ ಬಂದು ಸೇರುವ ಗೋಡೆಯ ಜ್ಯಾಕ್‌ಗಳು ಮಾತ್ರ ಹಳೆಯವು, ಒಂದು ದರ್ಜೆ ಕೆಳಗಿನ ಕ್ಯಾಟ್ 5ಇ. ಇದರಿಂದ ಸ್ಪೀಡ್ 100 ಎಂಬಿಪಿಎಸ್‌ಗೆ ಇಳಿದುಬಿಡುತ್ತೆ ಅಂತಾರೆ. ಎಲ್ಲ ಜ್ಯಾಕ್ ಬದಲಾಯಿಸಬೇಕಾ?

ಉತ್ತರ: ಬೇಡ. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ, ನಾನೂ ಹೇಳಿದ್ದನ್ನೇ ಹೇಳುತ್ತಿದ್ದೇನೆ. ಈ ಸಲ ಬೇರುಸಮೇತ ಕಿತ್ತುಹಾಕೋಣ.

ಕೇಳಿದ ಮಾತಿನಲ್ಲಿ ಅರ್ಧ ನಿಜ ಇದೆ. ಕೇಬಲ್, ಜ್ಯಾಕ್, ಪ್ಯಾಚ್ ಕಾರ್ಡ್ (ಜ್ಯಾಕ್‌ನಿಂದ ಕಂಪ್ಯೂಟರ್‌ಗೆ ಹಾಕುವ ತುಂಡು ಕೇಬಲ್) ಎಲ್ಲ ಸೇರಿದ ಲೈನಿಗೆ, ಅದರಲ್ಲಿ ಎಲ್ಲಕ್ಕಿಂತ ಕೆಳಗಿನ ಭಾಗದ ದರ್ಜೆಯೇ ಲೆಕ್ಕ. ಹಾಗಾಗಿ ನಿಮ್ಮದು ಈಗ ಕ್ಯಾಟ್ 5ಇ ಲೈನ್. ಆದರೆ ಕ್ಯಾಟ್ 5ಇ ಅಂದರೆ 100 ಎಂಬಿಪಿಎಸ್ ಅಂತ ಯಾರು ಹೇಳಿದ್ದು? ಅದು 100 ಮೀಟರ್‌ವರೆಗೆ 1 ಜಿಬಿಪಿಎಸ್, ಅಂದರೆ 1000 ಎಂಬಿಪಿಎಸ್ ಒಯ್ಯುತ್ತದೆ. ಇದನ್ನೇ ಗಿಗಾಬಿಟ್ ಅನ್ನೋದು. ತಾಮ್ರದ ತಂತಿಯ ಮೇಲೆ ಗಿಗಾಬಿಟ್ ಓಡಿಸುವ ಮಾನದಂಡ ಬಂದದ್ದು 1999ರಲ್ಲಿ. ಕ್ಯಾಟ್ 6 ಮಾನದಂಡ ಬಂದದ್ದು 2002ರಲ್ಲಿ. ಅಂದರೆ ಗಿಗಾಬಿಟ್ ಹುಟ್ಟಿದಾಗ ಕ್ಯಾಟ್ 6 ಮಾನದಂಡವೇ ಇರಲಿಲ್ಲ! 2016ರಲ್ಲಿ ಬಂದ 2.5 ಜಿಬಿಪಿಎಸ್ ಕೂಡ ಕ್ಯಾಟ್ 5ಇ ಮೇಲೆ ಓಡಲೆಂದೇ ಮಾಡಿದ್ದು.

ಜನ ಇದನ್ನು ನೀರಿನ ಪೈಪಿನ ಹಾಗೆ ಯೋಚಿಸುತ್ತಾರೆ. ದಪ್ಪ ಪೈಪಿನ ನಡುವೆ ಸಣ್ಣ ಜಾಯಿಂಟ್ ಬಂದರೆ ನೀರು ಕಡಿಮೆ, ಅಷ್ಟೇ ಅಂತ. ಇಲ್ಲಿ ಹಾಗಲ್ಲ. ಕೇಬಲ್ ಒಳಗಿನ ಒಂದು ತಂತಿ ಜೋಡಿಯ ಸಿಗ್ನಲ್ ಪಕ್ಕದ ಜೋಡಿಗೆ ಎಷ್ಟು ಸೋರುತ್ತದೆ, ಅದು ಯಾವ ಫ್ರೀಕ್ವೆನ್ಸಿವರೆಗೆ ಮಿತಿಯಲ್ಲಿರುತ್ತದೆ, ಇಂಥವನ್ನು ಅಳೆದು ಕೊಟ್ಟ ಭರವಸೆ ಈ ದರ್ಜೆ. 5ಇಗೆ 100 ಮೆಗಾಹರ್ಟ್ಸ್, 6ಕ್ಕೆ 250. ಗಿಗಾಬಿಟ್‌ಗೆ ಮೊದಲನೆಯದೇ ಸಾಕು. ಜ್ಯಾಕ್ ಯಾವ ಬ್ರೇಕನ್ನೂ ಹಾಕುವುದಿಲ್ಲ.

ಹಾಗಾದರೆ 100 ಅಂತ ತೋರಿಸೋದು ಯಾಕೆ? ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಬೇಕು, 100 ಎಂಬಿಪಿಎಸ್‌ಗೆ ಎರಡೇ ಸಾಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಸರಿಯಾಗಿ ಕೂರದಿದ್ದರೂ ಲಿಂಕ್ 100ಕ್ಕೆ ಇಳಿಯುತ್ತದೆ. ನನ್ನ ಮನೆಯಲ್ಲೇ ಹೀಗಾಗಿತ್ತು. ಜ್ಯಾಕ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಕಂದು ತಂತಿ ತನ್ನ ಸೀಳಿನ ಮೇಲೆ ಸುಮ್ನೆ ಒರಗಿತ್ತು, ಬ್ಲೇಡ್ ಅದರ ಸಿಪ್ಪೆಯನ್ನೇ ಕತ್ತರಿಸಿರಲಿಲ್ಲ. ತಂತಿಯನ್ನು ಸೀಳಿಗೆ ಒತ್ತಿ ಕೂರಿಸುವ ಪಂಚ್ ಟೂಲ್‌ನಿಂದ ಒಮ್ಮೆ ಟಕ್ ಅಂತ ಒತ್ತಿದೆ. ಲಿಂಕ್ 1000ಕ್ಕೆ ಏರಿತು, ಅದೇ ಕ್ಯಾಟ್ 5ಇ ಜ್ಯಾಕ್‌ನಲ್ಲಿ.

ಈ ತಪ್ಪು ಕಲ್ಪನೆ ಸಾಯದೇ ಇರೋದಕ್ಕೂ ಇದೇ ಕಾರಣ. ಜ್ಯಾಕ್ ಬದಲಾಯಿಸುವಾಗ ಎಂಟೂ ತಂತಿಗಳನ್ನು ಹೊಸದಾಗಿ ಕೂರಿಸುತ್ತಾರೆ. ತಪ್ಪು ತಾನಾಗೇ ಸರಿಹೋಗುತ್ತದೆ. ಹೆಸರು ಮಾತ್ರ ಕ್ಯಾಟ್ 6ಗೆ ಹೋಗುತ್ತದೆ.

10 ಜಿಬಿಪಿಎಸ್ ಬೇಕು ಅನ್ನುವವರ ಕಥೆ ಬೇರೆ. ಅದಕ್ಕೆ ಕ್ಯಾಟ್ 6 ಕೇಬಲ್ಲೇ ಹೆಚ್ಚೆಂದರೆ 55 ಮೀಟರ್‌ವರೆಗೆ ಸಾಕಾಗುತ್ತದೆ. ಅಲ್ಲಿ ಜ್ಯಾಕ್ ಕೂಡ ಅದೇ ದರ್ಜೆಯದ್ದಿರಲಿ. ಇನ್ನು, ಕೇಬಲ್ ತುದಿಗೆ ನೀವೇ ಪ್ಲಗ್ ಕ್ರಿಂಪ್ ಮಾಡುವುದಾದರೆ (ಅಂದರೆ ಒತ್ತಿ ಕೂರಿಸುವುದಾದರೆ) ಕ್ಯಾಟ್ 6 ಪ್ಲಗ್ಗನ್ನೇ ತನ್ನಿ. ಕ್ಯಾಟ್ 6 ತಂತಿ ಸಾಮಾನ್ಯವಾಗಿ ಸ್ವಲ್ಪ ದಪ್ಪ. 5ಇ ಪ್ಲಗ್‌ನ ತೂತಿನಲ್ಲಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.

ನೀವು ಕೇಳಿಲ್ಲ, ಆದರೂ ಕೇಬಲ್ ಪರೀಕ್ಷಿಸುವ ದೀಪದ ಟೆಸ್ಟರ್ ಬಗ್ಗೆ ಹೇಳಲೇಬೇಕು. 1ರಿಂದ 8ರವರೆಗೆ ದೀಪ ಸಾಲಾಗಿ ಹತ್ತಿದ ಮಾತ್ರಕ್ಕೆ ಲೈನ್ ಸರಿ ಇದೆ ಅನ್ನುವಂತಿಲ್ಲ. ಆ ದೀಪಗಳು ತಂತಿ ಆ ಕಡೆ ಮುಟ್ಟಿದೆಯಾ ಅಂತ ಮಾತ್ರ ಹೇಳುತ್ತವೆ. ಕೆಲವರು ಬಣ್ಣಗಳನ್ನು ಜೋಡಿ ಜೋಡಿಯಾಗಿ ಪಕ್ಕಪಕ್ಕದಲ್ಲೇ ಇಟ್ಟು ಎರಡೂ ಕಡೆ ಕ್ರಿಂಪ್ ಮಾಡುತ್ತಾರೆ. ದೀಪ ಚೆನ್ನಾಗೇ ಹತ್ತುತ್ತೆ, ಲಿಂಕ್ ಮಾತ್ರ ತೊದಲುತ್ತೆ. ಏಕೆಂದರೆ 3 ಮತ್ತು 6ನೇ ಪಿನ್‌ಗೆ ಒಟ್ಟಿಗೆ ಹೊಸೆದ ಒಂದೇ ಜೋಡಿ ಹೋಗಬೇಕು. ತಂತಿ ಜೋಡಿಸುವ ಎ, ಬಿ ಎಂಬ ಎರಡು ಬಣ್ಣದ ಕ್ರಮಗಳಲ್ಲಿ ಬಿ ಕ್ರಮದಲ್ಲಿ ಅದು ಹಸಿರು ಜೋಡಿ. 1ರಿಂದ 8ನೇ ಪಿನ್‌ವರೆಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನಡುವೆ ನೀಲಿ ಬಂದು ಹಸಿರನ್ನು ಬೇರೆ ಮಾಡಿದ್ದು ತಪ್ಪಲ್ಲ, ಅದು ಹಾಗೇ ಇರಬೇಕು. ಜೋಡಿಯ ಹುರಿಯನ್ನು ಮಾತ್ರ 13 ಮಿಲಿಮೀಟರ್‌ಗಿಂತ ಜಾಸ್ತಿ ಬಿಚ್ಚಬೇಡಿ.