ಹೂ ಬಾಡಿತೆಂದು ಕಡ್ಡಿ ಕತ್ತರಿಸಬೇಡಿ

ಮೇ ತಿಂಗಳು ಬಂತೆಂದರೆ ಸಾಕು, ಸಂಜೆ ಆರರ ಮೇಲೆ ನನ್ನ ಫೋನಿಗೆ ಬಾಡಿದ ಹೂವಿನ ಫೋಟೊಗಳು ಬರಲು ಶುರುವಾಗುತ್ತವೆ. ಒಬ್ಬರದು ಹಳದಿ, ಇನ್ನೊಬ್ಬರದು ಕಿತ್ತಳೆ, ಮತ್ತೊಬ್ಬರದು ಕೆಂಪು. ಕೆಳಗಿನ ಮಾತು ಮಾತ್ರ ಎಲ್ಲರದೂ ಒಂದೇ. "ಮೇಡಂ, ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು, ಸಂಜೆಗೆ ಹೀಗಾಗಿದೆ. ಏನು ರೋಗ? ಯಾವ ಔಷಧಿ ಹೊಡೀಲಿ?"

ರೋಗ ಇಲ್ಲ. ಅದು ಡೇಲಿಲಿ. ಅದರ ಹೂ ಇರುವುದೇ ಒಂದು ದಿನ.

ಮೈಸೂರಿನಲ್ಲಿ ನರ್ಸರಿ ನಡೆಸುತ್ತಾ, ಮನೆಗಳಿಗೆ ಹೋಗಿ ಕೈತೋಟ ಮಾಡಿಕೊಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಗಿಡ ಮಾರುವಾಗಲೂ ಈ ಮಾತು ಹೇಳಿಯೇ ಕಳಿಸುತ್ತೇನೆ. ಹೂ ಬಾಡಿದ ಸಂಜೆ ಎಲ್ಲರಿಗೂ ಅದು ಮರೆತುಹೋಗಿರುತ್ತದೆ.

ಕಳೆದ ವರ್ಷ ಇದೇ ಹೊತ್ತಿಗೆ ಒಬ್ಬ ನಿವೃತ್ತ ಮೇಷ್ಟ್ರು ಆಟೊ ಮಾಡಿಕೊಂಡು ಕುಂಡವನ್ನೇ ತಂದರು. ಕಾಲ ಸಂದಿಯಲ್ಲಿ ಕುಂಡ, ಕೈಯಲ್ಲಿ ಬಟ್ಟೆ ಚೀಲ. ಚೀಲದಲ್ಲಿ ಮೂರು ಔಷಧಿ ಬಾಟಲಿ. ಎರಡು ಕೀಟಕ್ಕೆ, ಒಂದು ಶಿಲೀಂಧ್ರಕ್ಕೆ. ಹತ್ತು ದಿನದಲ್ಲಿ ಮೂರನ್ನೂ ಹೊಡೆದಿದ್ದರು. ಗಿಡ ನೋಡಿದೆ. ಎಲೆ ಹಸಿರಾಗಿ, ಗಟ್ಟಿಯಾಗಿ, ನೆಟ್ಟಗಿತ್ತು. ಬುಡದಲ್ಲಿ ಮಾತ್ರ ಕತ್ತರಿಸಿದ ನಾಲ್ಕು ಮೋಟು ಕಂಡವು.

"ಇದೇನು ಸಾರ್?"

"ಹೂ ಬಾಡ್ತಲ್ಲಮ್ಮಾ. ರೋಗ ಗಿಡಕ್ಕೆಲ್ಲ ಹರಡಬಾರದು ಅಂತ ಕಡ್ಡಿ ಬುಡಕ್ಕೇ ಕತ್ತರಿಸಿದೆ."

ಒಂದೊಂದು ಕಡ್ಡಿಯಲ್ಲಿ ಎಷ್ಟು ಮೊಗ್ಗಿತ್ತು ಅಂತ ಕೇಳಿದೆ. ಹತ್ತು ಹನ್ನೆರಡು ಇರಬಹುದು ಅಂದರು. ನಾಲ್ಕು ಕಡ್ಡಿ ಅಂದರೆ ನಲವತ್ತಕ್ಕೂ ಜಾಸ್ತಿ ಹೂ. ಎಲ್ಲ ಕಸದ ಬುಟ್ಟಿಗೆ ಹೋಗಿತ್ತು. ನನಗೆ ಹೊಟ್ಟೆ ಉರಿದುಹೋಯಿತು. ಆದರೆ ಅವರ ಮುಖ ನೋಡಿದ ಮೇಲೆ ಬೈಯಲು ಮನಸ್ಸು ಬರಲಿಲ್ಲ. ಗಿಡ ಉಳಿಸಬೇಕು ಅಂತಲೇ ಅಲ್ವಾ ಅವರು ಇಷ್ಟೆಲ್ಲ ಮಾಡಿದ್ದು.

ಹಾಗಾಗಿ ಈ ಒಂದು ವಿಷಯವನ್ನು ಇಲ್ಲಿ ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ನೆಡುವುದು, ನೀರು ಹಾಕುವುದು ನಿಮಗೆ ಗೊತ್ತಿದೆ.

ಡೇಲಿಲಿಯ ಎಲೆಗಳೆಲ್ಲ ಬುಡದಿಂದಲೇ ಹೊರಡುತ್ತವೆ. ನಡುವಿನಿಂದ ಎಲೆಯಿಲ್ಲದ ಒಂದು ಬೋಳು ಕಡ್ಡಿ ಮೇಲಕ್ಕೆ ಬರುತ್ತದೆ. ಅದರ ತುದಿ ಕವಲೊಡೆದಿರುತ್ತದೆ. ಆ ಕವಲುಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದು ಹೂ ಅರಳಿರುತ್ತದೆ. ಅದರ ಪಕ್ಕದಲ್ಲೇ ಬೆರಳುದ್ದದ ಒಂದು ಮೊಗ್ಗು ಊದಿಕೊಂಡು, ಹಸಿರು ಬಿಟ್ಟು ಬಣ್ಣಕ್ಕೆ ತಿರುಗಿರುತ್ತದೆ. ಅದು ನಾಳೆಯದು. ಅದಕ್ಕಿಂತ ಚಿಕ್ಕದು, ತುದಿಯಲ್ಲಿ ಮಾತ್ರ ಬಣ್ಣ ಬಂದದ್ದು, ಎರಡು ಮೂರು ದಿನ ಬಿಟ್ಟು ಅರಳುತ್ತದೆ. ಕೆಳಗೆ ಹಸಿಮೆಣಸಿನಕಾಯಿಯ ಮರಿಯ ಹಾಗೆ ಅಂಟಿಕೊಂಡಿರುವ ಹಸಿರು ಮೊಗ್ಗುಗಳು ಮುಂದಿನ ವಾರದವು. ಇಡೀ ಸಾಲು ಆ ಒಂದು ಕಡ್ಡಿಯಲ್ಲೇ ನಿಂತಿರುತ್ತದೆ. ಮೊದಲ ಹೂ ಬಾಡಿತು ಅಂತ ಕಡ್ಡಿ ಕತ್ತರಿಸಿದರೆ ಹಿಂದೆ ನಿಂತವರೆಲ್ಲ ಹೋದ ಹಾಗೆ.

ಲೆಕ್ಕ ಹಾಕಿ ನೋಡಿ. ಚೆನ್ನಾಗಿ ಬೆಳೆದ ಒಂದು ಹಿಂಡಿನಲ್ಲಿ ಎಂಟು ಕಡ್ಡಿ, ಕಡ್ಡಿಗೆ ಹನ್ನೆರಡು ಮೊಗ್ಗು ಅಂದರೆ 96 ಹೂ. ದಿನಕ್ಕೆ ಮೂರರಂತೆ ಅರಳಿದರೂ ಒಂದು ತಿಂಗಳು ಹೂ ತಪ್ಪುವುದಿಲ್ಲ. ಒಂದು ಹೂವಿನ ಆಯಸ್ಸು ಒಂದು ದಿನ, ಗಿಡದ ಹಬ್ಬ ಒಂದು ತಿಂಗಳು.

ಹೆಸರಲ್ಲೇ ಈ ಮಾತಿದೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಈ ಗಿಡವನ್ನು ಹೆಮರೊಕ್ಯಾಲಿಸ್ ಎಂಬ ಹೆಸರಲ್ಲಿ ದಾಖಲಿಸಿದ. ಗ್ರೀಕ್ ಭಾಷೆಯಲ್ಲಿ 'ಹೆಮೆರಾ' ಅಂದರೆ ದಿನ, 'ಕ್ಯಾಲೋಸ್' ಅಂದರೆ ಚೆಲುವು. ಕೆಲವು ತಳಿಗಳು ಸಂಜೆ ಅರಳಿ ಮರುದಿನ ಬಾಡುತ್ತವೆ. ಅಷ್ಟೇ ವ್ಯತ್ಯಾಸ.

ನಮಗೆ ಇದು ಹೊಸದೂ ಅಲ್ಲ. ಅಂಗಳದ ದಾಸವಾಳ ಬೆಳಿಗ್ಗೆ ಅರಳಿ ಸಂಜೆ ಮುದುಡಿಕೊಳ್ಳುತ್ತದೆ. ಅದಕ್ಕೆ ಯಾರಾದರೂ ಔಷಧಿ ಹೊಡೆದಿದ್ದಾರಾ? ಪಾರಿಜಾತ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಬಿದ್ದಿರುತ್ತದೆ, ಆಯ್ದು ದೇವರಿಗೆ ಏರಿಸುತ್ತೇವೆ. ಬ್ರಹ್ಮಕಮಲ ಅರಳುವ ರಾತ್ರಿ ಅಕ್ಕಪಕ್ಕದವರನ್ನು ಎಬ್ಬಿಸಿ ಕರೆದು, ದೀಪ ಹಚ್ಚಿ, ಕಾಫಿ ಕೊಟ್ಟು ಕಳಿಸುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಆ ಹೂವಿಗೆ ಇಡೀ ಒಂದು ದಿನವೂ ಇಲ್ಲ. ಡೇಲಿಲಿಯನ್ನೂ ಅದೇ ಪ್ರೀತಿಯಿಂದ ನೋಡಿ ಅಂತ ನಾನು ಕೇಳುವುದು.

ಹಾಗಾದರೆ ಬಾಡಿದ ಹೂವನ್ನು ಏನು ಮಾಡಬೇಕು? ಬೆಳಿಗ್ಗೆ ಕಾಫಿ ಲೋಟ ಹಿಡಿದು ಗಿಡದ ಹತ್ತಿರ ಹೋಗಿ. ನಿನ್ನೆಯ ಹೂ ಒದ್ದೆ ಬಟ್ಟೆಯ ಹಾಗೆ ಮೆತ್ತಗೆ ಜೋತುಬಿದ್ದಿರುತ್ತದೆ. ಎಡಗೈಯಲ್ಲಿ ಕಡ್ಡಿ ಹಿಡಿದುಕೊಂಡು, ಬಲಗೈಯ ಹೆಬ್ಬೆರಳಿಂದ ಆ ಹೂವನ್ನು ಅದರ ಪುಟ್ಟ ತೊಟ್ಟಿನ ಹತ್ತಿರ ಪಕ್ಕಕ್ಕೆ ಬಗ್ಗಿಸಿ. ಲಟಕ್ ಅಂತ ಕೈಗೆ ಬರುತ್ತದೆ. ಎಳೆಯಬೇಡಿ. ಎಳೆದರೆ ಪಕ್ಕದ ಮೊಗ್ಗೂ ಕಿತ್ತುಬರುತ್ತದೆ. ಗಾಢ ಕೆಂಪು, ನೇರಳೆ ತಳಿಯಾದರೆ ಬೆರಳಿಗೆ ಬಣ್ಣ ಹತ್ತುತ್ತದೆ, ಆಫೀಸಿನ ಬಟ್ಟೆ ಹಾಕಿಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ಹೂವಿನ ಹಿಂದೆ ಹಸಿರು ಕಾಯಿ ಕಟ್ಟಲು ಶುರುವಾಗಿದ್ದರೆ ಅದನ್ನೂ ತೆಗೆದುಬಿಡಿ, ಸುಮ್ನೆ ಗಿಡದ ಶಕ್ತಿ ಬೀಜಕ್ಕೆ ಹೋಗುತ್ತದೆ. ಕಡ್ಡಿಯ ಕೊನೆಯ ಮೊಗ್ಗೂ ಅರಳಿ ಮುಗಿದ ಮೇಲೆ, ಕಡ್ಡಿ ಹಳದಿಗೆ ತಿರುಗಿದಾಗ ಬುಡಕ್ಕೆ ಕತ್ತರಿಸಿ. ಅದಕ್ಕೂ ಮುಂಚೆ ಕಡ್ಡಿಯ ಮಧ್ಯದಲ್ಲಿ ಪುಟ್ಟ ಎಲೆಗಳ ಒಂದು ಮರಿ ಹುಟ್ಟಿದೆಯಾ ನೋಡಿ. ಕೆಲವು ತಳಿಗಳಲ್ಲಿ ಹಾಗೆ ಬರುತ್ತದೆ. ಅದು ತಾಯಿಗಿಡದ ಪಡಿಯಚ್ಚು. ಕಡ್ಡಿಯ ಒಂದು ತುಂಡಿನ ಸಮೇತ ಕತ್ತರಿಸಿ ಒದ್ದೆ ಮಣ್ಣಿಗೆ ಊರಿದರೆ ಬೇರು ಬಿಡುತ್ತದೆ.

ನಿಜವಾದ ತೊಂದರೆ ಇರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೂ ಅರಳಿ ಬಾಡಿದರೆ ಅದು ಸಹಜ. ಮೊಗ್ಗು ಅರಳದೆ ಹಳದಿಯಾಗಿ ಉದುರಿದರೆ, ಅರಳಿದ ಹೂವಿನ ತುಂಬಾ ಬಿಳಿ ಗೀರುಗಳಿದ್ದರೆ, ಎಲೆಯ ಮೇಲೆ ಬಿಳಿ ಕಾಗದ ಒರೆಸಿದಾಗ ಕಿತ್ತಳೆ ಪುಡಿ ಅಂಟಿದರೆ, ಆಗ ಫೋಟೊ ಕಳಿಸಿ. ಮೊದಲನೆಯದಕ್ಕೆ ನೀರಿನ ಕೊರತೆ, ವಿಪರೀತ ಬಿಸಿಲು, ನುಸಿ ಹೀಗೆ ಹಲವು ಕಾರಣ ಇರಬಹುದು. ಎರಡನೆಯದು ಹೆಚ್ಚಾಗಿ ಥ್ರಿಪ್ಸ್ ನುಸಿಯ ಕೆಲಸ. ಮೂರನೆಯದು ತುಕ್ಕು ರೋಗ ಇರಬಹುದು. ಗಿಡ ನೋಡದೆ ಔಷಧಿ ಹೇಳುವ ಅಭ್ಯಾಸ ನನಗಿಲ್ಲ.

ಸುಮ್ಮನೆ ಔಷಧಿ ಹೊಡೆದರೆ ದುಡ್ಡು ದಂಡ, ಹೂವಿಗೆ ಬರುವ ಜೇನುಹುಳಕ್ಕೂ ಕುತ್ತು. ಅದಕ್ಕಿಂತ ಹೆಚ್ಚು ಹಾಳು ಮಾಡುವುದು ನೀರು. ಹೂ ಬಾಡಿದೆ, ಬಾಯಾರಿರಬೇಕು ಅಂತ ದಿನಕ್ಕೆ ಎರಡು ಸಲ ಸುರಿಯುತ್ತಾರೆ. ಬುಡ ಕೊಳೆಯುತ್ತದೆ. ಇನ್ನು ಕೆಲವರು ಒಂದು ಮುಷ್ಟಿ ಯೂರಿಯಾ ಹಾಕುತ್ತಾರೆ. ಎಲೆ ಸೊಂಪಾಗಿ ಬರುತ್ತದೆ, ಹೂ ಕಡಿಮೆಯಾಗುತ್ತದೆ. ಕೊಟ್ಟಿಗೆ ಗೊಬ್ಬರ ಇಲ್ಲವೇ ಮನೆಯ ಕಾಂಪೋಸ್ಟ್, ಜೊತೆಗೆ ಸ್ವಲ್ಪ ಬೇವಿನ ಹಿಂಡಿ. ನನ್ನ ಗಿಡಗಳಿಗೆ ನಾನು ಹಾಕುವುದು ಅಷ್ಟೇ.

ಲಿಲಿ ಅನ್ನುವ ಹೆಸರೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಇದು ಸುಗಂಧರಾಜದ ಹಾಗೆ, ಮೇ ಫ್ಲವರಿನ ಹಾಗೆ ಗಡ್ಡೆಯ ಗಿಡ ಅಲ್ಲ. ಹಿಂದೆ ಇದನ್ನು ಲಿಲಿ ಕುಟುಂಬದಲ್ಲಿಟ್ಟಿದ್ದರು. ಈಗ ಸಸ್ಯಶಾಸ್ತ್ರಜ್ಞರು ಲೋಳೆಸರದ ಕುಟುಂಬಕ್ಕೆ ಸೇರಿಸಿದ್ದಾರೆ. ಕಿತ್ತು ನೋಡಿದರೆ ಹಲವು ಮಕ್ಕಳ ತಾಯಿ ಬೇರಿನ ನೆನಪಾಗುತ್ತದೆ, ಹಾಗೆ ದಪ್ಪ ದಪ್ಪ ಬೇರುಗಳು. ಎಲೆಯೂ ಬೇರೂ ಸೇರುವ ಜಾಗದಲ್ಲಿ ಇದರ ಜೀವ ಇರುವುದು. ಅದು ಮಣ್ಣಿನಿಂದ ಒಂದೇ ಇಂಚು ಕೆಳಗಿರಬೇಕು. ಗಡ್ಡೆ ಅಂದುಕೊಂಡು ನಾಲ್ಕಿಂಚು ಹೂತರೆ ಕೊಳೆಯಬಹುದು, ಇಲ್ಲವೇ ವರ್ಷಗಟ್ಟಲೆ ಹೂ ಬಿಡದೆ ನಿಲ್ಲಬಹುದು.

ಇನ್ನು ಬೇಸಿಗೆಯ ಕೊನೆಯ ಕೆಲಸ. ವರ್ಷವಿಡೀ ನಾನು ಕಾಯುವುದು ಈ ಎರಡು ವಾರಕ್ಕೆ. ಭರಣಿ, ಕೃತ್ತಿಕಾ ಮಳೆ ಎರಡು ಮೂರು ಸಲ ಚೆನ್ನಾಗಿ ಬಿದ್ದಿರುತ್ತದೆ. ಮಣ್ಣು ಗುದ್ದಲಿಗೆ ಬಗ್ಗುತ್ತದೆ. ಮಕ್ಕಳಿಗೆ ರಜೆ, ಅವರನ್ನೂ ಮಣ್ಣಿಗೆ ಇಳಿಸಬಹುದು. ಕುಂಡಗಳ ತೂತು ಕಟ್ಟಿಕೊಂಡಿದ್ದರೆ ಕಡ್ಡಿ ಹಾಕಿ ಬಿಡಿಸುವುದು, ಒಣಗಿದ ಎಲೆ ಎಳೆದು ಹಾಕುವುದು, ಕಳೆ ಕೀಳುವುದು, ಮಳೆಗಾಲದ ಬಸವನಹುಳ ಅಡಗುವ ಇಟ್ಟಿಗೆ ಚೂರುಗಳನ್ನು ಎತ್ತುವುದು. ಯಾವುದಕ್ಕೂ ಅವಸರ ಇಲ್ಲ. ಒಂದು ಗಂಟೆ ಅಂತ ಕೂತವರು ಮಧ್ಯಾಹ್ನದ ಊಟಕ್ಕೆ ಕರೆದಾಗಲೇ ಏಳುವುದು.

ಮೂರು ನಾಲ್ಕು ವರ್ಷವಾದ ಡೇಲಿಲಿ ಹಿಂಡು ದಟ್ಟವಾಗಿ, ಹೂ ಕಡಿಮೆಯಾಗಿದ್ದರೆ ಹೂವಿನ ಭರಾಟೆ ಮುಗಿದ ಮೇಲೆ ಬಿಡಿಸಿ. ಸುತ್ತ ಅಗೆದು ಇಡೀ ಹಿಂಡನ್ನು ಎತ್ತಿ, ಪೈಪಿನ ನೀರಿಂದ ಮಣ್ಣು ತೊಳೆಯಿರಿ. ಆಗ ಬೀಸಣಿಗೆಯ ಹಾಗೆ ಹರಡಿದ ಎಲೆಕಟ್ಟುಗಳು ಬೇರೆ ಬೇರೆಯಾಗಿ ಕಾಣುತ್ತವೆ. ಎರಡು ಮೂರು ಬೀಸಣಿಗೆ ಒಟ್ಟಿಗಿರುವಂತೆ ಕೈಯಲ್ಲೇ ಬಿಡಿಸಿ. ಎಲೆಯನ್ನು ಅರ್ಧ ಅಡಿಗೆ ಕತ್ತರಿಸಿ, ಮೆತ್ತಗಾದ ಬೇರು ತೆಗೆದು, ಒಂದು ದಿನ ನೆರಳಲ್ಲಿ ಬಿಡಿ, ಗಾಯ ಒಣಗಲಿ. ಆಮೇಲೆ ಗುಂಡಿಯ ನಡುವೆ ಮಣ್ಣಿನ ಪುಟ್ಟ ದಿಬ್ಬ ಮಾಡಿ, ಅದರ ಮೇಲೆ ಗಿಡ ಕೂರಿಸಿ, ಬೇರನ್ನು ಸುತ್ತ ಇಳಿಬಿಟ್ಟು ಮುಚ್ಚಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಇರಲಿ.

ಇಲ್ಲೊಂದು ಎಚ್ಚರಿಕೆ. ನಾನು ಹೇಳಿದ್ದು ಮೈಸೂರು, ಬೆಂಗಳೂರಿನ ಹವೆಗೆ. ಕಲಬುರಗಿ, ರಾಯಚೂರಿನ ಕಡೆಯವರು ಮೇ ಬಿಸಿಲಲ್ಲಿ ಬೇರು ಮುಟ್ಟಲೇಬೇಡಿ. ಗಾಯವಾದ ಬುಡ ಆ ಶಾಖಕ್ಕೆ ಬೇಗ ಕೊಳೆಯುತ್ತದೆ. ಅಕ್ಟೋಬರ್ ಕೊನೆಗೆ ಮಾಡಿ. ತೀರ್ಥಹಳ್ಳಿ, ಮಡಿಕೇರಿಯಂಥ ಕಡೆ ಜೋರು ಮಳೆಗೆ ಮುಂಚೆ ಬಿಡಿಸುವುದಾದರೆ ಏರುಮಡಿಯಲ್ಲೇ ನೆಡಿ. ನೀರು ನಿಂತರೆ ಯಾವ ತಳಿಯೂ ಉಳಿಯುವುದಿಲ್ಲ.

ಹೊಸ ಗಿಡ ಕೊಳ್ಳುವವರಿಗೂ ಒಂದು ಮಾತು. ಡೇಲಿಲಿಯಲ್ಲಿ ಚಳಿಗಾಲದಲ್ಲಿ ಎಲೆ ಒಣಗಿಸಿ ಮಲಗುವ ತಳಿಗಳಿವೆ, ವರ್ಷವಿಡೀ ಹಸಿರಾಗಿರುವ ತಳಿಗಳೂ ಇವೆ. ಅಮೆರಿಕದಲ್ಲಿ 1975ರಲ್ಲಿ ನೋಂದಣಿಯಾದ, ಬಹಳ ಹೆಸರುವಾಸಿಯಾದ 'ಸ್ಟೆಲ್ಲಾ ಡಿ ಓರೊ' ಮಲಗುವ ಜಾತಿಯದು. ಅದಕ್ಕೆ ಬೇಕಾದ ಚಳಿ ನಮ್ಮಲ್ಲಿಲ್ಲ. ಹಸಿರಾಗಿರುವ ತಳಿ ಕೇಳಿ ತೆಗೆದುಕೊಳ್ಳಿ. ಆನ್‌ಲೈನಲ್ಲಿ ನೀಲಿ ಡೇಲಿಲಿಯ ಬೀಜ ಅಂತ ಮಾರುವವರನ್ನು ನಂಬಬೇಡಿ. ನೋಂದಣಿಯಾದ ತಳಿಗಳೇ 80,000 ದಾಟಿವೆ, ಅಪ್ಪಟ ನೀಲಿ ಒಂದೂ ಇಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಮಾತ್ರ ದಯವಿಟ್ಟು ಈ ಗಿಡವೇ ಬೇಡ. ಎಲೆ, ಹೂ, ಪರಾಗ ಯಾವುದು ತಿಂದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ತಿಂದದ್ದು ಕಂಡರೆ ಕಾಯದೆ ಪಶುವೈದ್ಯರ ಹತ್ತಿರ ಓಡಿ.

ಹಳೆಯ ತೋಟಗಳಲ್ಲಿ ಕಾಣುವ ಕಿತ್ತಳೆ ಡೇಲಿಲಿಗಳ ಬಗ್ಗೆ ನನಗೆ ವಿಶೇಷ ಪ್ರೀತಿ. ಅವುಗಳಲ್ಲಿ 'ಯುರೋಪಾ' ಅನ್ನುವ ತಳಿಗೆ ಕ್ರೋಮೋಸೋಮ್‌ಗಳು, ಅಂದರೆ ವಂಶದ ಗುಣ ಹೊತ್ತ ಎಳೆಗಳು, ಎರಡು ಸೆಟ್ಟಿನ ಬದಲು ಮೂರು ಸೆಟ್ ಇರುವುದರಿಂದ ಅದು ಬೀಜ ಕಟ್ಟುವುದಿಲ್ಲ. ನ್ಯೂಯಾರ್ಕ್ ಸಸ್ಯೋದ್ಯಾನದ ಆರ್ಲೊ ಸ್ಟೌಟ್ ವರ್ಷಗಟ್ಟಲೆ ಇದರ ಬೆನ್ನು ಹತ್ತಿದ್ದರು. ಬೀಜವೇ ಇಲ್ಲದ ಗಿಡ ಖಂಡದಿಂದ ಖಂಡಕ್ಕೆ ಹೋದದ್ದು ಹೇಗೆ ಅಂದರೆ, ಯಾರೋ ಬೇರು ಬಿಡಿಸಿ ಇನ್ಯಾರಿಗೋ ಕೊಟ್ಟದ್ದರಿಂದ.

ಮೇಷ್ಟ್ರ ಗಿಡ ಈ ಏಪ್ರಿಲಿನಲ್ಲಿ ಆರು ಕಡ್ಡಿ ಬಿಟ್ಟಿದೆ. ದಿನಾ ಬೆಳಿಗ್ಗೆ ಏಳಕ್ಕೆ ನನಗೆ ಒಂದು ಸಂದೇಶ ಬರುತ್ತದೆ. "ಇವತ್ತು ನಾಲ್ಕು." "ಇವತ್ತು ಎರಡೇ, ನಾಳೆಗೆ ಐದು ರೆಡಿ ಇವೆ." ಮೊನ್ನೆ ಫೋನ್ ಮಾಡಿ, ಹಿಂಡು ಬಿಡಿಸಿ ಮಗಳ ಮನೆಗೆ ಹುಬ್ಬಳ್ಳಿಗೆ ಒಯ್ಯಬಹುದಾ ಅಂತ ಕೇಳಿದರು. ಒಯ್ಯಬಹುದು ಸಾರ್, ಪ್ಲಾಸ್ಟಿಕ್ ಕವರ್ ಬೇಡ, ಬೇರಿಗೆ ಒಣ ಪೇಪರ್ ಸುತ್ತಿ, ಹೂವಿನ ಬಣ್ಣ ಒಂದು ಚೀಟಿಯಲ್ಲಿ ಬರೆದು ಕಟ್ಟಿ, ವಾರದೊಳಗೆ ನೆಟ್ಟರೆ ಸಾಕು ಅಂದೆ. ಹೂವಿನ ಕಡ್ಡಿ ಇನ್ನೂ ಎರಡು ಬಾಕಿ ಇವೆ, ಅವು ಮುಗಿದ ಮೇಲೆ ಕಿತ್ತರೆ ಆಗುತ್ತಾ ಅಂತ ಅವರೇ ಕೇಳಿದರು.